ಮನೇಲಿ ಕಲಿತದ್ದಕ್ಕೆ ಸಾಕ್ಷಿ ಯಾರು?

ಮಗು ಶಾಲೆಗೆ ಹೋಗದೆ ಮನೆಯಲ್ಲೇ ಓದುತ್ತಿದ್ದರೆ ಅದಕ್ಕೆ ಬೆಂಗಳೂರಲ್ಲಿ ಒಂದು ಹೆಸರು, ನಮ್ಮ ತಡಸದಲ್ಲಿ ಇನ್ನೊಂದು ಹೆಸರು. ಇಲ್ಲಿ ಅದು ಹೋಮ್‌ಸ್ಕೂಲಿಂಗ್. ಅಲ್ಲಿ ‘ಸಾಲಿ ಬಿಟ್ಟಾಳ’. ಇಲ್ಲಿ ಹಾಗಂದರೆ ಎದುರಿಗಿದ್ದವರು ಕುರ್ಚಿ ಹತ್ತಿರ ಎಳೆದುಕೊಂಡು, ‘ಹೌದಾ? ಯಾವ ಸಿಲಬಸ್?’ ಅಂತ ಕುತೂಹಲದಿಂದ ಕೇಳ್ತಾರೆ. ಅಲ್ಲಿ ದನಿ ತಗ್ಗಿಸಿ, ‘ಯಾಕ, ಏನಾತು? ಲಗ್ನಾ ಮಾಡ್ತೀರೇನು?’ ಅಂತಾರೆ. ಎರಡೂ ಕಡೆ ಹುಡುಗಿ ಮಾಡುತ್ತಿರುವುದು ಮಾತ್ರ ಒಂದೇ ಕೆಲಸ. ಮನೆಯಲ್ಲಿ ಕೂತು ಪುಸ್ತಕ ಓದುವುದು, ಲೆಕ್ಕ ಬಿಡಿಸುವುದು, ತಿಳಿಯದಿದ್ದರೆ ಮೊಬೈಲಿನಲ್ಲಿ ವಿಡಿಯೊ ಹುಡುಕುವುದು.

ತಡಸ ಗೊತ್ತಿಲ್ಲದವರಿಗೆ ಒಂದು ಮಾತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಶಿಗ್ಗಾಂವಿ ದಾಟಿದ ಮೇಲೆ ಮುಂಡಗೋಡ, ಶಿರಸಿ ಕಡೆ ತಿರುಗುವ ಕ್ರಾಸ್ ಬರುತ್ತದಲ್ಲ, ಅದೇ ತಡಸ ಕ್ರಾಸ್. ನಾನು ಹುಟ್ಟಿ ಬೆಳೆದದ್ದು ಅಲ್ಲಿ, ಈಗ ಕೂಳು ತಿನ್ನುವುದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಹಾಗಾಗಿ ಮನೇಲಿ ಕಲಿತ ಹುಡುಗಿಯರು ನನಗೆ ಇಬ್ಬರು ಗೊತ್ತು. ಎರಡು ಊರಿಗೊಬ್ಬೊಬ್ಬರು.

ಬೆಂಗಳೂರಿನವಳು ನನ್ನ ಸಹೋದ್ಯೋಗಿಯ ಮಗಳು. ಮೂರನೇ ಕ್ಲಾಸಿಗೆ ಅವಳನ್ನು ಶಾಲೆಯಿಂದ ಬಿಡಿಸಿದರು. ಈಗ ಹದಿನಾರು. ಅವಳ ಗಣಿತ ನೋಡಿದರೆ ನನಗೆ ಸ್ವಲ್ಪ ಹೆದರಿಕೆಯೇ ಆಗುತ್ತದೆ. ಕಾಲೇಜಿನ ವಿಚಾರ ಬಂದಾಗಿನಿಂದ ಅವಳ ಅಪ್ಪನಿಗೆ ನಿದ್ದೆ ಇಲ್ಲ. ಒಂದಿನ ಊಟಕ್ಕೆ ಕೂತಾಗ ಹೇಳಿದ, ‘ಅವಳಿಗೆ ಬರತ್ತೆ ಅನ್ನೋದು ನನಗೆ ಗೊತ್ತು ಕಣೋ. ಅದನ್ನ ಕಾಲೇಜಿನವರಿಗೆ ಗೊತ್ತು ಮಾಡಿಸೋದು ಹೇಗೆ?’

ಅವನಿಗೆ ಯಾರೋ ಒಂದು ದಾರಿ ತೋರಿಸಿದ್ದರು. ಒಂದು ಪಿಯು ಕಾಲೇಜಿದೆ. ಎರಡು ವರ್ಷದ ಫೀಸು ಕಟ್ಟಬೇಕು, ಆಮೇಲೆ ಆ ಕಡೆ ತಲೆ ಹಾಕುವ ಹಾಗಿಲ್ಲ. ಹಾಜರಿ ಅವರೇ ಹಾಕ್ತಾರೆ, ಪ್ರಾಕ್ಟಿಕಲ್ ಅಂಕ ಅವರೇ ಕೊಡ್ತಾರೆ, ಹುಡುಗಿ ಮನೇಲಿ ತನ್ನ ಪಾಡಿಗೆ ಓದಿಕೊಳ್ಳಬಹುದು. ಬಾಯಿಮಾತಿನಲ್ಲಿ ಇದಕ್ಕೆ ‘ಡಮ್ಮಿ’ ಅಂತಾರೆ. ಕೋಚಿಂಗ್‌ಗೆ ಹೋಗುವವರಲ್ಲಿ ಇದು ಹೊಸದೇನಲ್ಲ. 2024ರ ನವೆಂಬರಿನಲ್ಲಿ ಸಿಬಿಎಸ್‌ಇ ಇದೇ ಕಾರಣಕ್ಕೆ ದೆಹಲಿ ಮತ್ತು ರಾಜಸ್ಥಾನದ 21 ಶಾಲೆಗಳ ಮಾನ್ಯತೆ ಹಿಂತೆಗೆದುಕೊಂಡಿತು.

‘ಇದರಲ್ಲಿ ತಪ್ಪೇನಿದೆ ಹೇಳು? ಅವಳಿಗೆ ವಿದ್ಯೆ ಇದೆ. ಕಾಗದ ಇಲ್ಲ. ನಾನು ಕಾಗದ ತರ್ತಾ ಇದೀನಿ, ಅಷ್ಟೇ. ಯಾರಿಗೆ ಮೋಸ ಆಯ್ತು?’ ಅಂದ.

ಸುಲಭದ ಪ್ರಶ್ನೆ ಅಲ್ಲ ಇದು. ‘ಸುಳ್ಳು ಸುಳ್ಳೇ’ ಅಂತ ಮುಖ ತಿರುಗಿಸಿಬಿಡಬಹುದಿತ್ತು. ಆದರೆ ಅವನು ಕೇಳಿದ್ದರ ಹಿಂದೆ ಇನ್ನೂ ಹಳೆಯ ಪ್ರಶ್ನೆ ಒಂದಿದೆ. ನನಗೆ ಬರುತ್ತದೆ ಅಂತ ಅಪರಿಚಿತರೊಬ್ಬರಿಗೆ ನಾನು ಯಾಕೆ ಸಾಬೀತು ಮಾಡಬೇಕು? ಮಾಡಬೇಕು ಅಂತಾದರೆ ಎಷ್ಟು?

ಮೊದಲ ಭಾಗಕ್ಕೆ ನನ್ನ ಉತ್ತರ ಸ್ಪಷ್ಟ ಇದೆ. ಸಾಬೀತು ಮಾಡಲೇಬೇಕು.

ನಮ್ಮ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿದ್ದೀರಾ? ರೈತ ಚೀಲ ಬಿಚ್ಚಿ ಇಡ್ತಾನೆ. ಕೊಳ್ಳುವವರು ಬಣ್ಣ ನೋಡ್ತಾರೆ, ಸುಕ್ಕು ನೋಡ್ತಾರೆ, ಕೈಯಲ್ಲಿ ಹಿಡಿದು ಒಣಗಿದೆಯಾ ಅಂತ ನೋಡ್ತಾರೆ. ‘ಮನೇಲೇ ತೂಗಿ ತಂದೀನ್ರಿ, ಬರೋಬ್ಬರಿ ಐತಿ’ ಅಂದರೆ ಯಾರೂ ಒಪ್ಪುವುದಿಲ್ಲ. ಮಾರುಕಟ್ಟೆಯ ಕಾಟಾದ ಮೇಲೆ ಇಡಲೇಬೇಕು. ಇದರರ್ಥ ರೈತ ಸುಳ್ಳುಗಾರ ಅಂತಲ್ಲ. ಮಾರುವವನ ತಕ್ಕಡಿ ನಿಜವೇ ಹೇಳಿದರೂ ಅದು ಸಾಕ್ಷಿ ಆಗುವುದಿಲ್ಲ. ಅಷ್ಟೇ.

ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮ ಮನೆಯ ತಕ್ಕಡಿ. ನನ್ನ ಸಹೋದ್ಯೋಗಿ ಮಗಳ ಬಗ್ಗೆ ಹೇಳುವುದೆಲ್ಲ ನಿಜವೇ ಇರಬಹುದು, ನನಗಂತೂ ನಂಬಿಕೆ ಇದೆ. ಆದರೆ ಒಂದು ಸೀಟಿಗೆ ನೂರು ಜನ ನಿಂತಿರುವಾಗ ಕಾಲೇಜು ಇವನ ಮಾತು ನಂಬಿದರೆ ಉಳಿದ ತೊಂಬತ್ತೊಂಬತ್ತು ಅಪ್ಪಂದಿರ ಮಾತನ್ನೂ ನಂಬಬೇಕು. ಶಾಲೆಗೆ ಹೋದ ಮಗುವಿನ ಬಗ್ಗೆ ಹತ್ತು ವರ್ಷ ಹತ್ತಾರು ಟೀಚರುಗಳು ಅಷ್ಟಷ್ಟೇ ಸಾಕ್ಷಿ ಬರೆದಿಟ್ಟಿರುತ್ತಾರೆ. ಮನೇಲಿ ಕಲಿತ ಮಗುವಿಗೆ ಆ ಕಂತುಗಳಿಲ್ಲ. ಅದು ಒಂದೇ ಸಲಕ್ಕೆ ಪೂರ್ತಿ ಕಟ್ಟಬೇಕು. ಕಷ್ಟವೇ, ಆದರೆ ಅನ್ಯಾಯವಲ್ಲ.

ನಮ್ಮ ಕಡೆಯ ಇನ್ನೊಂದು ಉದಾಹರಣೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಗಂಗೂಬಾಯಿ ಹಾನಗಲ್ ಅವರ ಶಾಲೆ ಪ್ರಾಥಮಿಕಕ್ಕೇ ಮುಗಿಯಿತು. ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ, ಮೊದಲ ಪಾಠ ಮನೆಯಲ್ಲೇ. ಆದರೂ ಮಗಳು ಮನೆಯಲ್ಲೇ ಉಳಿಯಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತರು. ಆಮೇಲೆ ತಾಯಿಯನ್ನೂ ಗುರುವನ್ನೂ ಕಂಡಿರದ ಊರುಗಳಲ್ಲಿ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು. ಇವತ್ತು ಮೈಸೂರಿನಲ್ಲಿ ಅವರ ಹೆಸರಿನದೇ ಸಂಗೀತ ವಿಶ್ವವಿದ್ಯಾಲಯವಿದೆ. ಮನೆಯ ಕಲಿಕೆ ಚಿಕ್ಕದು ಅಂತ ನಾನು ಹೇಳುತ್ತಿಲ್ಲ. ಮನೆಯ ಹೊರಗಿನ ಕಿವಿಯೊಂದು ಕೇಳಿದ ಮೇಲೇ ಅದು ಊರಿಗೆ ಗೊತ್ತಾಗುವುದು.

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಬಾಳೆಹಣ್ಣಿನ ಕತೆ ನಿಮಗೆಲ್ಲ ಗೊತ್ತಿರುವುದೇ. ಯಾರೂ ಕಾಣದ ಜಾಗದಲ್ಲಿ ತಿಂದು ಬನ್ನಿ ಅಂತ ವ್ಯಾಸರಾಯರು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರು, ದೇವರು ಕಾಣದ ಜಾಗ ಸಿಗಲಿಲ್ಲ ಅಂತ ಕನಕ ಹಣ್ಣನ್ನು ಹಾಗೇ ವಾಪಸು ತಂದ. ಚಿಕ್ಕವನಿದ್ದಾಗ ಇದು ಭಕ್ತಿಯ ಕತೆ ಅನ್ನಿಸಿತ್ತು. ಈಗ ಪರೀಕ್ಷೆಯ ಕತೆಯಾಗಿ ಕಾಣುತ್ತದೆ. ವ್ಯಾಸರಾಯರಿಗೆ ಕನಕನ ಯೋಗ್ಯತೆ ಮೊದಲೇ ಗೊತ್ತಿತ್ತು, ಗೊತ್ತಿರಲಿಲ್ಲದ್ದು ಮಠದಲ್ಲಿ ಮೂಗು ಮುರಿಯುತ್ತಿದ್ದ ಉಳಿದವರಿಗೆ. ಪರೀಕ್ಷೆ ನಡೆದದ್ದು ಅವರಿಗಾಗಿ. ಇನ್ನೂ ಎರಡು ವಿಷಯ ಗಮನಿಸಿ. ಹಣ್ಣು ಎಲ್ಲರಿಗೂ ಒಂದೇ, ಪ್ರಶ್ನೆಯೂ ಒಂದೇ. ‘ನೀನು ಯಾವ ಪಾಠಶಾಲೆಯಿಂದ ಬಂದೆ’ ಅಂತ ಕೇಳಿ ಆಮೇಲೆ ಹಣ್ಣು ಕೊಡಲಿಲ್ಲ.

ನಮ್ಮ ಕಾಲೇಜುಗಳು ತಪ್ಪುವುದು ಇಲ್ಲೇ. ನಿನಗೆ ಏನು ಬರುತ್ತದೆ ಅನ್ನುವುದು ಒಂದು ಪ್ರಶ್ನೆ. ನೀನು ಎಲ್ಲಿಗೆ ಹೋಗುತ್ತಿದ್ದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದ್ದು ವಿದ್ಯಾರ್ಥಿಯ ಕರ್ತವ್ಯ. ಎರಡನೆಯದನ್ನು ಮೊದಲನೆಯದರ ಬದಲಿಗೆ ಇಟ್ಟುಕೊಳ್ಳುವುದು ಸಂಸ್ಥೆಯ ಸೋಮಾರಿತನ.

ನಮ್ಮ ಸಿಇಟಿಯನ್ನೇ ತೆಗೆದುಕೊಳ್ಳಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯು ಅಂಕ. ಅದಕ್ಕೆ ನನ್ನ ತಕರಾರಿಲ್ಲ, ಎರಡೂ ಬರುತ್ತದೆಯಾ ಅಂತ ಕೇಳುವ ಪ್ರಶ್ನೆಗಳೇ. ಆದರೆ ಸರ್ಕಾರಿ ಕೋಟಾದ ಸೀಟಿಗೆ ಹೆಚ್ಚಿನವರು ಹೋಗುವ ಕಲಮು ಕೇಳುವುದು ಬೇರೆ. ಒಂದನೇ ತರಗತಿಯಿಂದ ಪಿಯುವರೆಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು, ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ನನ್ನ ಸಹೋದ್ಯೋಗಿಯ ಮಗಳು ಮೂರು ವರ್ಷ ಶಾಲೆಗೆ ಹೋಗಿದ್ದಾಳೆ. ಮುಂದೆ ಎರಡು ವರ್ಷ ಪಿಯು ಸೇರಿದರೂ ಲೆಕ್ಕ ಐದಕ್ಕೇ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಬೆಂಗಳೂರು ಬಿಟ್ಟು ಹೋಗದ ಹುಡುಗಿ ಆ ಕಲಮಿನ ಕಣ್ಣಿಗೆ ಕರ್ನಾಟಕದವಳಲ್ಲ. ಬೇರೆ ಕಲಮುಗಳೂ ಇವೆ, ಹುಡುಕಿದರೆ ಸಂದಿಗೊಂದಿ ಸಿಗಬಹುದು. ಆದರೆ ಮುಂಬಾಗಿಲು ಮುಚ್ಚಿದೆ ಅನ್ನುವುದು ಮುಂಬಾಗಿಲಿಗೆ ಹೋದವರಿಗೇ ಗೊತ್ತು.

ದೇಶದ ಮಟ್ಟದಲ್ಲಿ ಇದರ ಅತಿ ಹೆಸರಾದ ಪ್ರಕರಣ ಮುಂಬೈನ ಮಾಳವಿಕಾ ರಾಜ್ ಜೋಶಿಯದು. ಏಳನೇ ತರಗತಿಯ ಹೊತ್ತಿಗೆ ಶಾಲೆ ಬಿಟ್ಟು ಮನೆಯಲ್ಲಿ ಕಲಿತ ಹುಡುಗಿ. ಪ್ರೋಗ್ರಾಮಿಂಗ್‌ನಲ್ಲಿ ಮುಳುಗಿದಳು, ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಎರಡು ಬೆಳ್ಳಿ, ಒಂದು ಕಂಚು ಗೆದ್ದಳು. ಆದರೆ ಹನ್ನೆರಡನೇ ತರಗತಿಯ ಕಾಗದ ಇಲ್ಲದ್ದರಿಂದ ಐಐಟಿಗಳ ಬಾಗಿಲು ತೆರೆಯಲಿಲ್ಲ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನವರು ಅವಳಿಗೆ ಬಿಎಸ್‌ಸಿ ಮುಗಿಸಿದವರಷ್ಟು ಬರುತ್ತದೆ ಅಂತ ನೋಡಿ ಎಂಎಸ್‌ಸಿ ಮಟ್ಟದಲ್ಲೇ ಸೇರಿಸಿಕೊಂಡರು. 2016ರಲ್ಲಿ, ಹದಿನೇಳನೇ ವಯಸ್ಸಿಗೆ, ಅಮೆರಿಕದ ಎಂಐಟಿ ಸ್ಕಾಲರ್‌ಶಿಪ್ ಕೊಟ್ಟು ಕರೆಯಿತು. ಎಂಐಟಿಯವರು ಅರ್ಜಿದಾರರಿಂದ ಹೈಸ್ಕೂಲು ಪ್ರಮಾಣಪತ್ರವನ್ನು ಕಡ್ಡಾಯವಾಗಿ ಕೇಳುವುದಿಲ್ಲ.

ಈ ಕತೆಯನ್ನು ಆಗ ಎಲ್ಲರೂ ಸಂಭ್ರಮದಿಂದ ಹಂಚಿಕೊಂಡರು. ನಾನೂ ಹಂಚಿಕೊಂಡೆ. ಆದರೆ ಸಂಭ್ರಮ ಇಳಿದ ಮೇಲೆ ಲೆಕ್ಕ ಹಾಕಿ ನೋಡಿ. ಜೆಇಇ ಬರೆದು ಐಐಟಿ ಸೇರಲು ಶಾಲೆಗೆ ಹೋದ ಹುಡುಗನಿಗೆ ರ‍್ಯಾಂಕಿನ ಜೊತೆ ಹನ್ನೆರಡನೇ ತರಗತಿಯಲ್ಲಿ ಶೇಕಡ 75 ಇದ್ದರೆ ಸಾಕು, ಅಥವಾ ತನ್ನ ಬೋರ್ಡಿನಲ್ಲಿ ಮೇಲಿನ 20 ಪರ್ಸೆಂಟೈಲ್. ಪರಿಶಿಷ್ಟರಿಗೆ 65. ಮನೇಲಿ ಕಲಿತ ಹುಡುಗಿ ‘ನನಗೂ ಬರುತ್ತದೆ’ ಅಂತ ಜಗತ್ತನ್ನು ಒಪ್ಪಿಸಲು ಮೂರು ಅಂತರರಾಷ್ಟ್ರೀಯ ಪದಕ ಇಡಬೇಕಾಯಿತು. ಒಬ್ಬನಿಗೆ ಬಸ್ ಟಿಕೆಟ್ಟು, ಇನ್ನೊಬ್ಬಳಿಗೆ ವಿಮಾನದ ಟಿಕೆಟ್ಟು, ಊರು ಮಾತ್ರ ಒಂದೇ. ಪದಕ ಇಲ್ಲದ, ಆದರೆ ಚೆನ್ನಾಗಿ ಓದಬಲ್ಲ, ಸಾಧಾರಣ ಬುದ್ಧಿವಂತ ಮಕ್ಕಳು ಮನೆಯಲ್ಲಿ ಕಲಿತಿದ್ದರೆ ಅವರ ಗತಿ? ಅಸಾಮಾನ್ಯರಿಗೆ ಮಾತ್ರ ತೆರೆಯುವ ಬಾಗಿಲನ್ನು ಬಾಗಿಲು ಅನ್ನಲು ನನಗೆ ಮನಸ್ಸಿಲ್ಲ.

ಇನ್ನು ತಡಸದ ಹುಡುಗಿ.

ಅವಳು ನಮ್ಮ ದೊಡ್ಡಪ್ಪನ ಮೊಮ್ಮಗಳು. ನನ್ನನ್ನು ಕಾಕಾ ಅಂತಾಳೆ. ಎಂಟನೇ ಕ್ಲಾಸಿನವರೆಗೆ ಊರಿನ ಶಾಲೆಗೆ ಹೋದಳು. ಆಮೇಲೆ ಅಜ್ಜಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದರು, ಅವಳ ಅವ್ವ ಕೆಲಸ ಬಿಡುವ ಹಾಗಿರಲಿಲ್ಲ, ಅಣ್ಣನ ಓದು ನಿಲ್ಲಿಸಬಾರದು ಅಂತ ಮನೆಯವರ ತೀರ್ಮಾನ. ಹುಡುಗಿ ಮನೇಲಿ ಉಳಿದಳು. ಯಾರೂ ಅದಕ್ಕೆ ಪಠ್ಯಕ್ರಮ ರೂಪಿಸಲಿಲ್ಲ. ಅಣ್ಣನ ಹಳೆ ಪುಸ್ತಕ, ಅಜ್ಜಿ ಮಲಗಿದ ಹೊತ್ತು, ಅಪ್ಪನ ಮೊಬೈಲು. ಎರಡು ವರ್ಷ ಹಾಗೇ ಓದಿ ಎಸ್ಸೆಸ್ಸೆಲ್ಸಿಗೆ ಎಕ್ಸ್‌ಟರ್ನಲ್ ಕಟ್ಟಿದಳು. ಪಾಸಾದದ್ದಷ್ಟೇ ಅಲ್ಲ, ಅಣ್ಣನಿಗಿಂತ ಜಾಸ್ತಿ ಅಂಕ ತೆಗೆದಳು. ಈಗ ಬಸ್ಸಿನಲ್ಲಿ ಹುಬ್ಬಳ್ಳಿಗೆ ಓಡಾಡಿ ಪಿಯು ವಿಜ್ಞಾನ ಓದ್ತಾಳೆ. ಎಂಜಿನಿಯರಿಂಗ್ ಮಾಡುವ ಆಸೆ.

ಅವಳನ್ನು ಯಾರೂ ಹೋಮ್‌ಸ್ಕೂಲರ್ ಅಂದಿಲ್ಲ. ಪಿಯು ಸೇರುವಾಗ ಕೇಳಿದ ಮೊದಲ ಪ್ರಶ್ನೆಯೇ ‘ಎರಡು ವರ್ಷ ಎಲ್ಲಿದ್ದಿ?’ ಅಂತ. ಆಕಿ ‘ಮನ್ಯಾಗ ಓದತಿದ್ದೆ ಸರ್’ ಅಂದಳಂತೆ. ಅವರು ನಕ್ಕರಂತೆ.

ಸಿಇಟಿಯ ಲೆಕ್ಕದಲ್ಲಿ ಇವಳಿಗೆ ಏಳು ವರ್ಷದ ತೊಂದರೆ ಇಲ್ಲ, ಎಂಟು ವರ್ಷ ಶಾಲೆಗೆ ಹೋಗಿದ್ದಾಳೆ. ಇವಳ ಕತೆ ಇನ್ನೂ ವಿಚಿತ್ರ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15 ಸೀಟು ಮೀಸಲಿದೆ. ಕನ್ನಡ ಮಾಧ್ಯಮದವರಿಗೆ ಶೇಕಡ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಓದಿದ ಬಗ್ಗೆ ಶಾಲೆಯ ಪ್ರಮಾಣಪತ್ರ, ಅದರ ಮೇಲೆ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಇವಳು ಹುಟ್ಟಿದ್ದು ತಡಸದಲ್ಲಿ, ಬೆಳೆದದ್ದು ತಡಸದಲ್ಲಿ, ಓದಿದ್ದೆಲ್ಲ ಕನ್ನಡದಲ್ಲಿ, ಹತ್ತನೇ ಪರೀಕ್ಷೆ ಬರೆದದ್ದೂ ಕನ್ನಡದಲ್ಲಿ. ಆದರೆ ಒಂಬತ್ತು, ಹತ್ತು ಎರಡು ವರ್ಷಕ್ಕೆ ಸಹಿ ಹಾಕುವ ಹೆಡ್‌ಮಾಸ್ತರು ಇಲ್ಲ. ನಿಯಮದ ಮಾತನ್ನು ಅಕ್ಷರಶಃ ಓದಿದರೆ ಊರಲ್ಲೇ ಕೂತಿದ್ದ ಆ ಎರಡು ವರ್ಷ ಅವಳು ಹಳ್ಳಿಯವಳಾಗಿರಲಿಲ್ಲ! ಯಾರ ಕಷ್ಟ ನೋಡಿ ಈ ಮೀಸಲಾತಿ ಮಾಡಿದರೋ ಅದೇ ಕಷ್ಟ ಜಾಸ್ತಿ ಆದ ಕೂಡಲೇ ಮೀಸಲಾತಿ ಕೈ ಬಿಡುತ್ತದೆ.

ಈಗ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡೋಣ.

ಬೆಂಗಳೂರಿನವಳ ಮುಂದೆ ದಾರಿಗಳಿವೆ. ಸ್ಯಾಟ್ ಬರೆಯಬಹುದು. ಒಲಿಂಪಿಯಾಡ್ ತರಬೇತಿಗೆ ಹೋಗಬಹುದು. ಅಪ್ಪನಿಗೆ ಪರಿಚಯವಿರುವ ಪ್ರೊಫೆಸರ್ ಜೊತೆ ಎರಡು ತಿಂಗಳು ಕೆಲಸ ಮಾಡಿ ಶಿಫಾರಸು ಪತ್ರ ತರಬಹುದು. ತಾನು ಮಾಡಿದ ಪ್ರಾಜೆಕ್ಟುಗಳನ್ನೆಲ್ಲ ಜೋಡಿಸಿ ಪೋರ್ಟ್‌ಫೋಲಿಯೊ ಕಳಿಸಬಹುದು. ಮನೇಲಿ ಮಕ್ಕಳಿಗೆ ಕಲಿಸುವ ನಗರದ ಅಪ್ಪ ಅಮ್ಮಂದಿರ ಜೊತೆ ಮಾತಾಡಿದರೆ ಹೆಚ್ಚಿನವರು ಹೇಳುವುದು ಇದನ್ನೇ. ‘ಪರೀಕ್ಷೆ ಹಳೇ ಕಾಲದ್ದು, ಮಗುವಿನ ಕೆಲಸ ನೋಡಿ.’ ಕೇಳಲು ಮಾನವೀಯವಾಗಿದೆ. ಆದರೆ ಈ ಎಲ್ಲ ಸಾಕ್ಷಿಗಳಿಗೂ ದುಡ್ಡು ಬೇಕು, ಪರಿಚಯ ಬೇಕು, ಇಂಗ್ಲಿಷ್ ಬೇಕು. ಅಜ್ಜಿಯ ಹಾಸಿಗೆ ಪಕ್ಕ ಕೂತು ತ್ರಿಕೋನಮಿತಿ ಕಲಿತದ್ದು ಯಾವ ಪೋರ್ಟ್‌ಫೋಲಿಯೊದಲ್ಲಿ ಬರುತ್ತದೆ?

ಎಂಐಟಿಯವರೇ ಈ ಪೆಟ್ಟು ತಿಂದು ತಿದ್ದಿಕೊಂಡರು. ಕೋವಿಡ್ ಸಮಯದಲ್ಲಿ ಸ್ಯಾಟ್ ಅಂಕ ಕಡ್ಡಾಯವಲ್ಲ ಅಂದಿದ್ದರು. 2022ರ ಮಾರ್ಚಿನಲ್ಲಿ ಮತ್ತೆ ಕಡ್ಡಾಯ ಮಾಡಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ದೊಡ್ಡ ಶಾಲೆ, ಮುಂದುವರಿದ ಕೋರ್ಸು ಇಂಥ ಅವಕಾಶ ಇಲ್ಲದ ಮಕ್ಕಳಿಗೆ ತಮ್ಮ ತಯಾರಿ ತೋರಿಸಲು ಪರೀಕ್ಷೆಯೇ ಒಂದು ದಾರಿ ಅನ್ನುವುದು. ಪರೀಕ್ಷೆ ನೀರಸ, ಕ್ರೂರ, ಎಲ್ಲವನ್ನೂ ಅಳೆಯುವುದಿಲ್ಲ, ಎಲ್ಲ ಒಪ್ಪೋಣ. ಲ್ಯಾಬಿನ ಕೈಚಳಕ, ನಾಲ್ಕು ಜನರ ಜೊತೆ ವಾದ ಮಾಡುವ ಶಕ್ತಿ ಪ್ರಶ್ನೆಪತ್ರಿಕೆಗೆ ಸಿಗುವುದಿಲ್ಲ. ಆದರೂ ತಡಸದ ಹುಡುಗಿ ಕೈಯಳತೆಯಲ್ಲಿ ಪಡೆಯಬಹುದಾದ ಏಕೈಕ ಅಪರಿಚಿತ ಸಾಕ್ಷಿ ಅದು. ಹೆಸರಿಲ್ಲದ ಉತ್ತರಪತ್ರಿಕೆ ನೋಡುವವರು ‘ಎರಡು ವರ್ಷ ಎಲ್ಲಿದ್ದಿ’ ಅಂತ ಕೇಳಿ ನಗುವುದಿಲ್ಲ.

ನನ್ನ ಸಹೋದ್ಯೋಗಿಗೂ ಅಂಥ ದಾರಿ ಇತ್ತು. ರಾಷ್ಟ್ರೀಯ ಮುಕ್ತ ವಿದ್ಯಾಲಯ, ಅಂದರೆ ಎನ್‌ಐಒಎಸ್. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಅಂತ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಹದಿನಾಲ್ಕು ತುಂಬಿದರೆ ಹತ್ತನೇ ತರಗತಿಗೆ ನೋಂದಾಯಿಸಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆ, ದಿನಾ ಹಾಜರಿಯ ಕಾಟ ಇಲ್ಲ. ಹನ್ನೆರಡನೇ ತರಗತಿಯೂ ಇದೆ. ‘ಇದ್ಯಾಕೆ ಬೇಡ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, ‘ಓಪನ್ ಸ್ಕೂಲ್ ಅಂದ್ರೆ ಫೇಲಾದವರು, ಶಾಲೆ ಬಿಟ್ಟವರು ಅಂದ್ಕೋತಾರೆ ಕಣೋ. ನಾಳೆ ಅವಳ ರೆಸ್ಯೂಮಲ್ಲಿ ಅದು ಇರತ್ತೆ.’

ಅವನ ಮೊದಲಿನ ಪ್ರಶ್ನೆಗೆ, ಯಾರಿಗೆ ಮೋಸ ಆಯ್ತು ಅನ್ನುವುದಕ್ಕೆ, ನನಗೆ ಉತ್ತರ ಸಿಕ್ಕಿದ್ದು ಈ ಮಾತಿನಲ್ಲಿ. ಡಮ್ಮಿ ಕಾಲೇಜಿಗೆ ಅವನು ಕೊಡುವ ದುಡ್ಡು ವಿದ್ಯೆಗಲ್ಲ, ಕಾಗದಕ್ಕೂ ಅಲ್ಲ. ಆ ಸಾಲಿನಲ್ಲಿ ನಿಲ್ಲದೇ ಇರುವುದಕ್ಕೆ. ಶಾಲೆ ಬಿಟ್ಟವರು, ಹಗಲು ದುಡಿದು ರಾತ್ರಿ ಓದುವವರು, ಮದುವೆಯಾದ ಮೇಲೆ ಪುಸ್ತಕ ಹಿಡಿದವರು ನಿಂತಿರುವ ಸಾಲು ಅದು. ನಮ್ಮ ಹುಡುಗಿಯ ಸಾಲು. ಮಗಳು ಮಾಡಿದ್ದೂ ಅವರು ಮಾಡಿದ್ದೂ ಒಂದೇ ಕೆಲಸ, ಆದರೆ ಹೆಸರು ಬೇರೆ ಇರಬೇಕು ಅಂತ ಅವನಿಗಾಸೆ.

ಆ ಸಾಲಿನವರು ಎಷ್ಟು ಕಾದಿದ್ದಾರೆ ಗೊತ್ತಾ? ಮುಕ್ತ ಶಾಲೆಯಲ್ಲಿ ಹನ್ನೆರಡನೇ ತರಗತಿ ಮುಗಿಸಿದವರು ಡಾಕ್ಟರಾಗುವ ಪ್ರವೇಶ ಪರೀಕ್ಷೆಗೇ ಕೂರುವ ಹಾಗಿಲ್ಲ ಅಂತ ವೈದ್ಯಕೀಯ ಶಿಕ್ಷಣದ ನಿಯಮವಿತ್ತು. ನೀಟ್‌ನಲ್ಲಿ ಎಷ್ಟು ಅಂಕ ಬರುತ್ತದೋ ನೋಡೋಣ ಅಂತ ಕೂಡ ಇಲ್ಲ, ಕೂರಲೇಬೇಡಿ ಅಂತ. ಅವರು ಕೋರ್ಟಿಗೆ ಹೋದರು. 2018ರಲ್ಲಿ ದೆಹಲಿ ಹೈಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ 2024ರ ಮಾರ್ಚಿನವರೆಗೆ ಎಳೆಯಿತು, ಆಗ ವಿಷಯ ಇತ್ಯರ್ಥವಾಗಿ ಮಾನ್ಯತೆ ಪಡೆದ ಮುಕ್ತ ಶಾಲೆಯವರಿಗೂ ನೀಟ್ ತೆರೆಯಿತು. ಈಗ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಮನೇಲಿ ಕಲಿಯುತ್ತಿರುವ ಮಗು ಡಾಕ್ಟರಾಗುವ ಕನಸು ಕಂಡರೆ ಅದರ ದಾರಿ ತೆರೆಸಿಕೊಟ್ಟದ್ದು ಈ ‘ಶಾಲೆ ಬಿಟ್ಟವರ’ ಸಾಲು.

ಡಮ್ಮಿ ದಾರಿಯ ಮೋಸ ಇರುವುದು ಹೀಗೆ. ನಿಯಮ ತಪ್ಪು ಅಂತ ಗೊತ್ತಿರುವವರು, ಅರ್ಜಿ ಬರೆಯಬಲ್ಲವರು, ವಕೀಲರನ್ನು ಇಡಬಲ್ಲವರು, ಪತ್ರಿಕೆಗೆ ಫೋನು ಮಾಡಬಲ್ಲವರೆಲ್ಲ ದುಡ್ಡು ಕೊಟ್ಟು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿಬಿಟ್ಟರೆ ನಿಯಮ ಬದಲಾಯಿಸಿ ಅಂತ ಕೂಗಲು ಹೊರಗೆ ಉಳಿಯುವುದು ಕೂಗಿದರೂ ಕೇಳಿಸದವರು. ಅದರ ಮೇಲೆ, ಸುಳ್ಳು ಹಾಜರಿ ಸಿಕ್ಕಿಬಿದ್ದಾಗಲೆಲ್ಲ ಕಚೇರಿಗಳು ಕಾಗದಕ್ಕೆ ಇನ್ನೊಂದು ಸಹಿ, ಇನ್ನೊಂದು ಸೀಲು ಸೇರಿಸುತ್ತವೆ. ಆ ಸೀಲಿಗಾಗಿ ತಡಸದಿಂದ ಶಿಗ್ಗಾಂವಿಗೆ ಮೂರು ಸಲ ಅಲೆಯುವವಳು, ನಿಜ ಹೇಳಿದವಳು.

ಇನ್ನೊಂದು ಮಾತನ್ನೂ ಅವನಿಗೆ ಹೇಳಿದೆ. ‘ಹತ್ತು ವರ್ಷ ಮಗಳಿಗೆ ಏನು ಹೇಳಿ ಬೆಳೆಸಿದೆ? ಕಲಿಯೋದು ಮುಖ್ಯ, ಕಾಗದ ಅಲ್ಲ ಅಂತ. ಈಗ ಅವಳ ಹೆಸರಿನ ಮೊದಲ ದೊಡ್ಡ ಕಾಗದಾನೇ ಸುಳ್ಳಾಗಿದ್ರೆ, ಕಾಗದಕ್ಕಾಗಿ ಏನು ಬೇಕಾದ್ರೂ ಮಾಡಬಹುದು ಅಂತಲ್ವಾ ಅವಳು ಕಲಿಯೋದು?’ ಅವನಿಗೆ ಸಿಟ್ಟು ಬಂತು. ನನಗೆ ಮಕ್ಕಳಿಲ್ಲ, ಮಾತಾಡುವುದು ಸುಲಭ ಅಂದ. ಅದೂ ನಿಜವೇ. ಎರಡು ವಾರ ಬಿಟ್ಟು ಅವನೇ ಬಂದು ಹೇಳಿದ, ಎನ್‌ಐಒಎಸ್‌ಗೆ ನೋಂದಾಯಿಸಿದ್ದಾರಂತೆ. ನನ್ನ ಮಾತಿಗಲ್ಲ. ಮಗಳನ್ನೇ ಕೇಳಿದಾಗ, ‘ಅಲ್ಲಿಗೆ ಹೋಗದೇ ಹೋದೆ ಅಂತ ನಾನ್ಯಾಕೆ ಹೇಳ್ಲಿ? ಪರೀಕ್ಷೆ ತಾನೇ, ಬರೀತೀನಿ’ ಅಂದಳಂತೆ. ಅವಳಿಗೆ ಸೀಟು ಎಲ್ಲಿ ಸಿಗುತ್ತದೆ, ಸಿಗುತ್ತದೆಯೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಸರಿಯಾದ ದಾರಿ ಹಿಡಿದವರಿಗೆ ಸೀಟು ಸಿಕ್ಕೇ ಸಿಗುತ್ತದೆ ಅಂತ ಬರೆದು ನಾನು ಈ ಲೇಖನ ಮುಗಿಸಲಾರೆ.

ಸರ್ಕಾರಕ್ಕೂ ಕಾಲೇಜುಗಳಿಗೂ ಕೇಳುವುದು ದೊಡ್ಡದೇನಲ್ಲ. ಪ್ರಶ್ನೆಪತ್ರಿಕೆ ಎಷ್ಟು ಬೇಕಾದರೂ ಕಠಿಣವಿರಲಿ, ಬೇಕಿದ್ದರೆ ಪ್ರಾಕ್ಟಿಕಲ್‌ಗೆ ಸರ್ಕಾರಿ ಕಾಲೇಜಿನ ಲ್ಯಾಬಿನಲ್ಲಿ ಕೂರಿಸಿ ಪರೀಕ್ಷೆ ಮಾಡಲಿ. ಆದರೆ ಆ ಪರೀಕ್ಷೆಗೆ ಕೂರಲು ಎಲ್ಲಿದ್ದೆ ಅಂತ ಕೇಳುವುದು ಬೇಡ. ಹಳ್ಳಿಯವಳು ಅಂತ ಸಾಬೀತು ಮಾಡಲು ಶಾಲೆಯ ಹಾಜರಿ ಪುಸ್ತಕವೇ ಯಾಕೆ? ರೇಷನ್ ಕಾರ್ಡಿದೆ, ಮತದಾರರ ಪಟ್ಟಿಯಲ್ಲಿ ಅಪ್ಪ ಅಮ್ಮನ ಹೆಸರಿದೆ, ಊರಿನ ಗ್ರಾಮ ಪಂಚಾಯಿತಿಯೇ ಇದೆ.

ಆದರೆ ಇದನ್ನು ಓದುತ್ತಿರುವ ನೀವು ಸರ್ಕಾರವೂ ಅಲ್ಲ, ಕಾಲೇಜೂ ಅಲ್ಲ. ನನ್ನ ಹಾಗೇ ಎಲ್ಲೋ ಕೆಲಸ ಮಾಡುವವರು, ಆಗಾಗ ಹೊಸಬರನ್ನು ಸಂದರ್ಶನ ಮಾಡುವವರು. ನಮ್ಮ ಕಂಪನಿಗಳ ಕ್ಯಾಂಪಸ್ ಜಾಹೀರಾತಿನಲ್ಲಿ ಒಂದು ಸಾಲು ಇರುತ್ತದೆ, ಗಮನಿಸಿದ್ದೀರಾ? ‘ಹತ್ತು, ಹನ್ನೆರಡು, ಡಿಗ್ರಿ ಮೂರರಲ್ಲೂ ಶೇಕಡ 60, ಓದಿನ ನಡುವೆ ಗ್ಯಾಪ್ ಇರಬಾರದು.’ ಕೋಡಿಂಗ್ ಟೆಸ್ಟ್ ಇದೆ, ಎರಡು ಸುತ್ತು ಸಂದರ್ಶನ ಇದೆ, ಬರುತ್ತದೆಯೋ ಇಲ್ಲವೋ ನೋಡಲು ನಮ್ಮ ಹತ್ತಿರ ಎಲ್ಲ ಇದೆ. ಆದರೂ ಅದಕ್ಕೂ ಮೊದಲೇ ಹದಿನಾಲ್ಕನೇ ವಯಸ್ಸಿನಲ್ಲಿ ನೀನು ಎಲ್ಲಿದ್ದೆ ಅಂತ ಸಾಫ್ಟ್‌ವೇರೇ ಕೇಳಿ ಅರ್ಜಿ ತಳ್ಳಿಹಾಕುತ್ತದೆ. ಯಾರಿಗೂ ಅವಳ ಹೆಸರು ಕೂಡ ಕಾಣುವುದಿಲ್ಲ.

ಇನ್ನು ನಾಲ್ಕೈದು ವರ್ಷಕ್ಕೆ ನಮ್ಮ ಹುಡುಗಿಯ ಅರ್ಜಿ ಇಂಥ ಒಂದು ಕಂಪನಿಗೆ ಬರುತ್ತದೆ. ನಿಮ್ಮ ತಂಡದ ಅಂಥ ಫಾರಂ ನಿಮ್ಮ ಕೈಯಲ್ಲಿದ್ದರೆ ಆ ಗ್ಯಾಪಿನ ಸಾಲು ಯಾಕಿದೆ ಅಂತ ಎಚ್‌ಆರ್‌ನವರನ್ನು ಒಂದು ಸಲ ಕೇಳಿ ನೋಡಿ. ನಮ್ಮಲ್ಲಿ ನಾನು ಕೇಳಿದ್ದೇನೆ. ‘ಮೊದಲಿಂದ್ಲೂ ಇದೆ’ ಅಂದರು. ಯಾಕೆ ಅಂತ ಮತ್ತೆ ಕೇಳಿ ಮೇಲ್ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.